ಕಡೀಕ ಉಣ್ಣೋ ಮೇಜರ್ ಸಾಬ್ರು

ನೆಟ್ಟಗಿರೋ ಮನಷ್ಯಾನ ಬಾಜೂಕ ಇಪ್ಪತ್ತು ವರ್ಷ ನಿಂತು ನೋಡ್ರಿ, ಫಜೀತಿ ಹುಡುಕ್ಕೊಂಡು ನೀವು ಎಲ್ಲೂ ಹೋಗೂದು ಬ್ಯಾಡ, ಅದು ತಾನ ಬಂದು ಬಾಗಲ ಬಡೀತೈತಿ.

ನಾ ಸಂತೆಕಲ್ಲೂರಿನಂವ. ಫೌಜಿನ್ಯಾಗ ಎರಡು ಪಟ್ಟಿಯ ನಾಯಕ್ ಆಗಿದ್ದೆ. ನನ್ನ ಮ್ಯಾಲ ಇದ್ದಾವ್ರು ಸಾಲಗುಂದದಾವ್ರು, ಕಂಪನಿ ಹವಾಲ್ದಾರ್ ಮೇಜರ್. ಅಂದ್ರ ನೂರು ಚಿಲ್ರಿ ಜವಾನರ ಊಟ, ಬಟ್ಟಿ, ಡ್ಯೂಟಿ, ರಜಾ, ಜಗಳ ಎಲ್ಲಾ ನೋಡ್ಕೊಳ್ಳೋ ಹಿರೇಮನಷ್ಯಾ. ಆಫೀಸರ್ ಹುಕುಂ ಕೊಟ್ಟು ಒಳಗ ಹೋಗ್ತಾರ, ಅದು ನಡಿಯೂವಂಗ ಮಾಡೋ ತಲಿಬ್ಯಾನಿ ಇವರದು. ನಾವು ಬಾಯಿತುಂಬ ‘ಮೇಜರ್ ಸಾಬ್’ ಅಂತಿದ್ವಿ. ಈಗ ಇಬ್ರೂ ರಿಟೈರ್ ಆಗೀವಿ. ಸಿಂಧನೂರಿನ ಒಂದು ಅಕ್ಕಿ ಗಿರಣಿ ಗೇಟಿನ್ಯಾಗ ಮತ್ತ ಜೋಡಿ ಬಿದ್ದೀವಿ. ಅವರು ಕಾವಲಿನ ಹಿರ್ಯಾರು, ನಾ ಮತ್ತ ಇನ್ನ ಮೂರು ಮಂದಿ ಮಾಜಿ ಫೌಜಿಗಳು ಅವರ ಕೈಕೆಳಗ. ದೇವ್ರು ಹಣ್ಯಾಗ ಬರದಿದ್ದು ಪೆನ್ಷನ್ ಬಂದ ಮ್ಯಾಲೂ ಅಳಿಸಂಗಿಲ್ಲ ನೋಡ್ರಿ.

೧. ಊಟದ ಸಾಲು

ಮೇಜರ್ ಸಾಬ್ರದು ಒಂದು ಕಾಯ್ದೆ. ಹಿರ್ಯಾ ಆದಂವ ಎಲ್ಲಾರ ಊಟ ಆದ ಮ್ಯಾಲ ಉಣ್ಣಬೇಕು. ಇದು ಫೌಜಿನ್ಯಾಗ ಭಾಳ ಮಂದಿ ಹೇಳೋ ಮಾತು. ಇವರು ಹೇಳ್ತಿದ್ದಿಲ್ಲ, ತಾಟು ಹಿಡಕೊಂಡು ಸಾಲಿನ ತುದೀಗೆ ನಿಂದ್ರತಿದ್ರು.

ಅಡಗಿಯಂವ ಒಮ್ಮೆ ಹೆದರಿ ಅವರ ಪಾಲು ಮುಚ್ಚಿ ಇಟ್ಟಿದ್ದ. ‘ಇದು ಯಾರದು?’ ಅಂತ ಕೇಳಿದ್ರು. ‘ನಿಮ್ಮದು ಸಾಬ್.’ ‘ನನ್ನ ಪಾಲು ಸಾಲಿನ ಕಡೀಕ ಐತಿ, ಮುಚ್ಚಳದ ಕೆಳಗ ಇಲ್ಲ’ ಅಂದು, ಪಹರೆ ಮುಗಿಸಿ ಬಂದ ಜವಾನನ ತಾಟಿಗೆ ಸುರುವಿಬಿಟ್ರು.

ಗಡಿ ಗುಡ್ಡದ ಮ್ಯಾಲ ತಂಬು ಹಾಕಿದ್ದಾಗ ಒಂದು ದಿನ ಕೋಳಿ ಇತ್ತು. ಅವರ ಮುಂದ ನಾ. ನನ್ನ ತಾಟಿಗೆ ಎರಡು ತುಂಡು ಬಿದ್ವು, ಅವರಿಗೆ ಬರೇ ರಸ. ಅವರು ರಸದಾಗ ರೊಟ್ಟಿ ಅದ್ದಿ ಉಂಡ್ರು. ಬೇದಿದ್ರ ಚೊಲೋ ಇತ್ತು. ನಾ ಆ ಎರಡು ತುಂಡು ತಲಿ ತಗ್ಗಿಸಿ ತಿಂದೆ. ಆಮ್ಯಾಲ ನನ್ನ ಕಡೆ ನೋಡಿ ಅಂದ್ರು: ‘ಕಡೀಕ ನಿಂತಂವಗ ಗೊತ್ತಾಗೂದು ನೋಡಪಾ, ಎಷ್ಟು ಸಾಲ್ತು, ಎಷ್ಟು ಸಾಲಲಿಲ್ಲ ಅಂತ.’ ಮುಂದಿನ ಸಲ ಅಡಗಿ ಹೆಚ್ಚಿಗಿ ಆತು, ಅದನ್ನೂ ಹೇಳಬೇಕು.

ಊಟ ಮುಗಿದ ಮ್ಯಾಲ ನಡುವ ನಿಂತು, ಕೈ ಎರಡೂ ತೊಡೀಗೆ ಹಚ್ಚಿ ಕೇಳತಿದ್ರು: ‘ಕೋಯಿ ಶಿಕಾಯತ್?’ ಏನರ ತಕರಾರು ಐತೇನು ಅಂತ. ನಾವು ನೂರು ಮಂದಿ ಒಂದ ದನಿಲೆ: ‘ನಹೀ ಸಾಬ್!’ ಸಾರಿನ್ಯಾಗ ಹುಳ ಈಜಾಡಿದ್ರೂ ‘ನಹೀ ಸಾಬ್’. ಅಷ್ಟು ವರ್ಷದಾಗ ‘ಐತಿ’ ಅಂದಂವನ್ನ ನಾ ನೋಡಿಲ್ಲ.

ಕೋಳಿ ತಿಂದ ಪಾಪಕ್ಕ ಮರುದಿನ ನಾನೂ ದೊಡ್ಡಮನಷ್ಯಾ ಆಗಬೇಕು ಅಂತ ಅವರ ಹಿಂದ ಹೋಗಿ ನಿಂತೆ. ಅವರು ನನ್ನ ಹಿಂದ ಬಂದ್ರು. ನಾ ಮತ್ತ ಅವರ ಹಿಂದ. ಅವರು ಮತ್ತ ನನ್ನ ಹಿಂದ. ಹಿಂಗ ಸರಕೋತ ಸರಕೋತ, ಅಡಗಿಯಂವ ‘ಊಟಾ ಮುಗೀತು!’ ಅಂತ ಒದರಿದಾಗ ನಾವಿಬ್ರೂ ತಾಟು ಹಿಡಕೊಂಡು ತಂಬುವಿನ ಹೊರಗ ಹಿಮದಾಗ ನಿಂತಿದ್ವಿ.

೨. ಬ್ಯಾನರಿನ ಮ್ಯಾಲ ಬಡ್ತಿ

ರಿಟೈರ್ ಆಗಿ ಬಂದ ವರ್ಷ ಸಿಂಧನೂರಿನ್ಯಾಗ ಒಂದು ಸಂಘದವರು ಆಗಸ್ಟ್ ಹದಿನೈದಕ್ಕ ಸನ್ಮಾನ ಇಟ್ಟಿದ್ರು. ಅಂಗಡಿ ಸಾಲಿನ ಮುಂದ ಪೆಂಡಾಲು, ಹಿಂದ ದೊಡ್ಡ ಬ್ಯಾನರು. ಬ್ಯಾನರಿನ್ಯಾಗ ಅವರ ಫೋಟೋ, ಕೆಳಗ ‘ವೀರಯೋಧ ಮೇಜರ್’ ಅಂತ ದಪ್ಪ ಅಕ್ಷರ.

ಸಾಬ್ರು ಮೆಟ್ಟಲ ಹತ್ತಿದಾವ್ರು ಹಂಗ ಇಳದ್ರು. ‘ಮೇಜರ್ ಅಂದ್ರ ಆಫೀಸರ್ ರೀ. ನಾ ಹವಾಲ್ದಾರ್ ಮೇಜರ್. ನನ್ನದಲ್ಲದ್ದು ನಾ ಹಾಕ್ಕೊಳ್ಳಂಗಿಲ್ಲ.’

ಸಂಘದ ಅಧ್ಯಕ್ಷರು ಕೈ ಮುಗದ್ರು. ‘ಸಾಹೇಬ್ರ, ಇಲ್ಲಿ ಯಾರಿಗೆ ತಿಳೀತೈತ್ರಿ?’

‘ನನಗ ತಿಳೀತೈತಿ.’

ಮುಖ್ಯ ಅತಿಥಿಗಳು ಕುರ್ಚಿ ಮ್ಯಾಲ ಬೆವರಾಕತ್ತಿದ್ರು. ಸಾಬ್ರು ಬಾಜೂಕಿನ ಅಂಗಡ್ಯಾಗ ಚೀಲದ ಮ್ಯಾಲ ಬರಿಯೋ ಕರೀ ಬಣ್ಣ, ಕುಂಚ ಇಸಗೊಂಡು, ಮೇಜಿನ ಮ್ಯಾಲ ಹತ್ತಿ, ‘ಮೇಜರ್’ ಅನ್ನೂದರ ಮುಂದ ‘ಹವಾಲ್ದಾರ್’ ಅಂತ ತಾವ ಬರದ್ರು. ಅವರ ಬರವಣಿಗಿ ಚೊಲೋ ಇರಲಿಲ್ಲ, ಫೋಟೋದ ಮೀಸಿ ಮ್ಯಾಲೂ ಜರಾ ಬಣ್ಣ ಇಳೀತು. ಆಮ್ಯಾಲ ಹಾರ ಹಾಕಿಸ್ಕೊಂಡ್ರು. ಜನ ಚಪ್ಪಾಳಿ ಹೊಡದ್ರು, ಯಾಕಂತ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಚಹಾದಂಗಡ್ಯಾಗ ಒಬ್ರು ಹಿರ್ಯಾರು ನನಗ ಹೇಳಾಕತ್ತಿದ್ರು: ‘ನಿಮ್ಮ ಸಾಹೇಬ್ರು ಖರೇ ಶಾಣ್ಯಾ ಬಿಡಪಾ. ಮುಂಜಾನಿ ಬರೇ ಮೇಜರ್ ಇದ್ರು, ಮಧ್ಯಾಹ್ನದೊಳಗ ಹವಾಲ್ದಾರೂ ಆದ್ರು.’

೩. ಮಗಳ ರಿಪೋರ್ಟು

ಸಾಬ್ರಿಗೆ ಒಬ್ಬಾಕಿ ಮಗಳು. ಮಸ್ಕಿ ಹೈಸ್ಕೂಲಿನ್ಯಾಗ ಗಣಿತ ಕಲಸ್ತಾಳ. ಚೊಲೋ ಹುಡುಗಿ. ಅಪ್ಪನಂಗ ಬೆನ್ನು ನೆಟ್ಟಗ, ಮಾತೂ ನೆಟ್ಟಗ.

ಮೊದಲನೇ ಸಲ ನೋಡಾಕ ಬಂದಾವ್ರು ದಢೇಸುಗೂರು ಕಡೆಯಾವ್ರು, ಕಾಲುವಿ ಬಾಜೂಕ ಭತ್ತದ ಗದ್ದಿ ಇದ್ದಾವ್ರು. ಹುಡುಗನ ಅಪ್ಪ ಅವಲಕ್ಕಿ ತಿನಕೋತ ಸುಮ್ನ ಮಾತಿಗೆ ಕೇಳಿದ: ‘ಹುಡುಗಿ ಸ್ವಭಾವ ಹೆಂಗ್ರಿ?’

ಇಂಥಾದ್ದಕ್ಕ ‘ಆಕಳಾ ರೀ ಆಕಳಾ’ ಅನಬೇಕು. ಅದು ರಿವಾಜು. ಸಾಬ್ರು ಮಾತ್ರ ಜವಾನರ ವರ್ಷದ ರಿಪೋರ್ಟು ಓದೂವಂಗ ಸುರು ಹಚ್ಚಿದ್ರು: ‘ಓದು, ಉತ್ತಮ. ಅಡಗಿ, ಸಾಧಾರಣ, ಸಾರಿಗೆ ಉಪ್ಪು ಮರೀತಾಳ. ಸಿಟ್ಟು, ನನ್ನಷ್ಟ. ಸುಳ್ಳು ಹೇಳಂಗಿಲ್ಲ, ಹಂಗಾಗಿ ಅತ್ತಿ ಜೋಡಿ ಜರಾ ಕಷ್ಟ.’

ಅವರು ಅವಲಕ್ಕಿ ಅರ್ಧಕ್ಕ ಬಿಟ್ಟು ಎದ್ರು.

ಎರಡನೇ ಸಲ ಬಂದಾವ್ರಿಗೂ ಇದ ರಿಪೋರ್ಟು. ಮ್ಯಾಲ ಇನ್ನೊಂದು: ‘ಈಗ ನಿಮ್ಮ ಹುಡುಗಂದು ಹೇಳ್ರಿ.’ ಅವರು ‘ಬಂಗಾರ ರೀ’ ಅಂದ್ರು. ‘ಅದು ಆತು, ಐಬು ಏನೇನವ ಹೇಳ್ರಿ. ಗುಟ್ಕಾ ತಿಂತಾನ ಅನ್ನೂದು ನನಗ ಕಾಣಾಕತ್ತೈತಿ, ಉಳದದ್ದು?’ ಆ ಮಂದಿ ಚಹಾನೂ ಕುಡೀಲಿಲ್ಲ.

ಮಗಳು ನಕ್ಲು. ‘ಅಪ್ಪ ಹೇಳಿದ್ರಾಗ ಸುಳ್ಳೇನೈತಿ ಕಾಕಾ?’ ಅಂದ್ಲು ನನಗ. ಸಾಬ್ರ ಹೆಂಡ್ತಿ, ನಾವು ‘ಅಕ್ಕಾರು’ ಅನ್ನಾವ್ರು, ನಗಲಿಲ್ಲ. ಅಡಗಿಮನಿ ಬಾಗಲದಾಗ ನಿಂತು ಸೆರಗಿಲೆ ಕಣ್ಣು ಒರಸ್ಕೊಂಡು ಅಂದ್ರು: ‘ತಮ್ಮಾ, ಎರಡು ಮುರದಾವ. ಮೂರನೇದೂ ಮುರೀತು ಅಂದ್ರ ಅಪ್ಪನ ಬಾಯಿ ಅಂತ ಯಾರೂ ಅನ್ನಂಗಿಲ್ಲ, ಹುಡಿಗ್ಯಾಗ ಐಬು ಅಂತಾರ. ಇಪ್ಪತ್ತು ವರ್ಷ ಅವರ ಜೋಡಿ ಇದ್ದೀ, ಇದೊಂದು ಸಲ ಅವರ ಬಾಯಿ ಕಟ್ಟೋ ಮಾರಾಯಾ.’

ನಾ ಹೋಗಿ ಸಾಬ್ರಿಗೆ ಹೇಳ್ದೆ. ಅವರು ಕಬೂಲ್ ಆದ್ರು.

‘ಆತು ಬಿಡು, ನಾ ಇನ್ನ ಬಾಯಿ ತೆರಿಯಂಗಿಲ್ಲ. ಕೇಳಿದ್ರ ಬರದು ಕೊಡ್ತೀನಿ.’

೪. ಗಿರಣಿ ಗೇಟು

ಗಿರಣಿ ಸಾವ್ಕಾರ್ರು ನಮ್ಮನ್ನ ಕೆಲಸಕ್ಕ ಹಚ್ಚುವಾಗ ಜೋರಿಲೆ ಹೇಳಿದ್ರು: ‘ಕಾರ್ಡ್ ಇಲ್ದ ಯಾರನ್ನೂ ಒಳಗ ಬಿಡಬ್ಯಾಡ್ರಿ. ನಾ ಬಂದ್ರೂ ಬಿಡಬ್ಯಾಡ್ರಿ!’ ಸಾವ್ಕಾರ್ರು ಇಂಥಾ ಮಾತು ಆಡ್ತಾರ. ಯಾರೂ ಮನಸಿಗೆ ಹಚ್ಕೊಳ್ಳಂಗಿಲ್ಲ. ಇಲ್ಲಿ ಹಚ್ಕೊಂಡಾವ್ರು ಒಬ್ರಿದ್ರು.

ಒಂದು ಮುಂಜಾನಿ ಸಾಬ್ರು ತಾವ ಕಾರ್ಡು ಮರತು ಬಂದ್ರು. ಗೇಟಿನ್ಯಾಗ ನಾ ಇದ್ದೆ. ‘ಕಾರ್ಡ್ ಕೇಳು’ ಅಂದ್ರು.

‘ಸಾಬ್, ನಿಮ್ಮ ಗುರ್ತು ನನಗಿಲ್ಲೇನ್ರಿ?’

‘ಗುರ್ತಿನ ಮ್ಯಾಲ ಬಿಡೂದಾದ್ರ ಕಾರ್ಡ್ ಯಾಕ ಮಾಡಿಸ್ಯಾರ? ಕೇಳು.’

ಕೇಳಿದೆ. ‘ಇಲ್ಲ’ ಅಂದ್ರು. ತಮ್ಮನ್ನ ವಾಪಸ್ ಕಳಿಸಿದ್ದು ರಿಜಿಸ್ಟರಿನ್ಯಾಗ ನನ್ನ ಕಡಿಂದ ಬರಸಿ, ಸಾಲಗುಂದಕ್ಕ ಮೋಟರ್ ಸೈಕಲ್ ಮ್ಯಾಲ ಹೋಗಿ ಕಾರ್ಡು ತಂದ್ರು. ತರೂದ್ರೊಳಗ ಲೇಟ್. ಲೇಟ್ ಆದಾವ್ರು ಗಿರಣಿ ಅಂಗಳ ಮೂರು ಸುತ್ತು ಓಡಬೇಕು ಅನ್ನೂದು ಅವರದ ಕಾಯ್ದೆ. ಐವತ್ತು ದಾಟಿದ ಮನಷ್ಯಾ, ತೌಡಿನ ಧೂಳಿನ್ಯಾಗ ಬೂಟು ಹಾಕ್ಕೊಂಡು ಓಡಾಕ ಹತ್ತಿದ್ರು. ಹಿರ್ಯಾ ಓಡುವಾಗ ನಿಂತು ನೋಡೂದು ನಮಗ ರೂಢಿ ಇಲ್ಲ, ಹಿಂದ ನಾವು ನಾಲ್ಕು ಮಂದಿ ಓಡಿದ್ವಿ. ಐದು ಮಂದಿ ಕಾವಲಿನಾವ್ರು ಜೀವ ಬಿಟ್ಟು ಓಡೂದು ಕಂಡು, ಒಳಗ ಬಾಯ್ಲರ್ ಒಡದೈತಿ ಅಂತ ಹಮಾಲರು ಚೀಲ ಒಗದು ನಮ್ಮನ್ನ ದಾಟಿ ರಸ್ತಾಕ್ಕ ಓಡಿಹೋದ್ರು. ಅವರನ್ನ ತಿರುಗಿ ಕರಕೊಂಡು ಬರಾಕ ಮಧ್ಯಾಹ್ನ ಆತು.

ಅದರ ಮರುದಿನ ಸಾವ್ಕಾರ್ರ ಕಾರು ಬಂತು. ಜೋಡಿ ಲಿಂಗಸುಗೂರಿನ ಕಾಳಿನ ವ್ಯಾಪಾರಿ ಒಬ್ರು, ಹಣಿಮ್ಯಾಲ ವಿಭೂತಿ, ಹೆಗಲಿಗೆ ಟವಲು, ಗಿರಣಿ ನೋಡಾಕ ಬಂದಾವ್ರು. ಸಾವ್ಕಾರ್ರ ಕಡೆ ಕಾರ್ಡ್ ಇಲ್ಲ.

ಸಾಬ್ರು ಸೆಲ್ಯೂಟ್ ಹೊಡದು, ಗೇಟು ತೆರೀಲಿಲ್ಲ. ‘ಸಾವ್ಕಾರ್ರ, ನಿನ್ನೆ ನನ್ನನ್ನ ನಾನ ಒಳಗ ಬಿಟ್ಟಿಲ್ಲ.’

ಸಾವ್ಕಾರ್ರ ಮಾರಿ ಕೆಂಪ ಹಂಚು ಆತು. ಪಾವಣ್ಯಾರ ಮುಂದ ಮಾನ ಹೋಗಾಕತ್ತೈತಿ. ಆದ್ರ ನಾ ಬಂದ್ರೂ ಬಿಡಬ್ಯಾಡ್ರಿ ಅಂದಾವ್ರು ತಾವ. ಮನಿಗೆ ಫೋನ್ ಮಾಡಿ, ದೇವರ ಜಗಲಿ ಮ್ಯಾಲಿದ್ದ ಕಾರ್ಡು ಬರೂತನಕ ಇಬ್ರೂ ಬೇವಿನ ಗಿಡದ ಕೆಳಗ ಬಾಕಿನ ಮ್ಯಾಲ ಕುಂತ್ರು. ಸಾಬ್ರು ತಾವ ಹೋಗಿ ಚಹಾ ತಂದು ಕೊಟ್ರು. ‘ಗೇಟಿನ ಒಳಗ ನೀವು ಸಾವ್ಕಾರ್ರು, ಹೊರಗ ನಮ್ಮ ಪಾವಣ್ಯಾರು’ ಅಂದ್ರು.

ವ್ಯಾಪಾರಿಗಳು ಚಹಾ ಕುಡಕೋತ ಸಾಬ್ರನ್ನ ಮ್ಯಾಲಿಂದ ಕೆಳಗ ನೋಡಿದ್ರು. ‘ನಿಮಗ ಮಕ್ಕಳೆಷ್ಟು ರೀ?’

‘ಒಬ್ಬಾಕಿ ಮಗಳು. ಮಸ್ಕಿಯೊಳಗ ಟೀಚರ್.’

‘ನಮ್ಮ ಹುಡುಗನೂ ಮಸ್ಕಿಯೊಳಗ ಅದಾನ. ದನದ ಡಾಕ್ಟರು. ಹುಡುಗಿ ಸ್ವಭಾವ ಹೆಂಗ್ರಿ?’

ನಾ ಸಾಬ್ರ ಅಂಗಿ ಜಗ್ಗಿದೆ. ಬೂಟಿನ ಮ್ಯಾಲ ಕಾಲಿಟ್ಟು ತುಳದೆ. ಅವರು ಖರೇನ ಬಾಯಿ ತೆರೀಲಿಲ್ಲ. ಕಿಸೇದಾಗಿಂದ ಮಡಚಿದ ಹಾಳಿ ತೆಗದು ಕೈಯಾಗ ಕೊಟ್ಟುಬಿಟ್ರು! ಬರದು ಇಟಗೊಂಡಿದ್ರು ರೀ, ಪುಣ್ಯಾತ್ಮ.

ಮುಗೀತು ಅಂತ ನಾ ಕಣ್ಣು ಮುಚ್ಚಿದೆ. ವ್ಯಾಪಾರಿಗಳು ಚಷ್ಮಾ ಹಾಕ್ಕೊಂಡು ಪೂರ್ತಿ ಓದಿ, ಟವಲಿಲೆ ಬಾಯಿ ಮುಚ್ಕೊಂಡು ನಗಾಕತ್ತಿದ್ರು. ‘ಸಿಟ್ಟಿನ ಚಿಂತಿ ಬಿಡ್ರಿ. ನಮ್ಮ ಹುಡುಗ ದಿನಾ ಎಮ್ಮಿ ಕಡಿಂದ ಒದಿಸ್ಕೋತಾನ, ರೂಢಿ ಐತಿ.’

೫. ಮೂರು ಕಡೆ ಹಸದಾವ್ರು

ಆ ವ್ಯಾಪಾರಿಗಳ ಹುಡುಗನ ಜೋಡಿ ನಿಶ್ಚಯ ಸಾಲಗುಂದದಾಗ ಸಾಬ್ರ ಮನ್ಯಾಗ ಇಟ್ಟಿದ್ರು. ಹುಡುಗಿಗೆ ಸೀರಿ ಉಡಿಸಿದ್ರು, ಉಡಿ ತುಂಬಿದ್ರು, ಎಲ್ಲಾ ಸಸೂತ್ರ ಆತು. ಉಳದದ್ದು ಊಟ ಒಂದ. ಊಟ ಆತಂದ್ರ ಸಂಬಂಧ ಗಟ್ಟಿ. ಅಕ್ಕಾರು ಮುಂಜಾನಿಯಿಂದ ಬಾಯಾಗ ನೀರು ಹಾಕಿರಲಿಲ್ಲ. ನನ್ನ ಕಂಡಾಗೊಮ್ಮೆ ಕಣ್ಣಿಲೆ ‘ನೋಡ್ಕೋ’ ಅಂತಿದ್ರು.

ಅಂಗಳದಾಗ ಎಲಿ ಹಾಕಿದ್ವಿ. ಹೋಳಿಗಿ, ಎಣ್ಣಿಬದನಿಕಾಯಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ. ಬೀಗರ ಮಂದಿ ಸಾಲು ಕುಂತಿತು. ಬೀಗರು ಬಾಜೂಕಿನ ಎಲಿ ತೋರಿಸಿದ್ರು. ‘ಬರ್ರಿ ಬೀಗ್ರ, ಜೋಡಿ ಉಣ್ಣೂಣು.’

‘ನೀವು ಸುರು ಮಾಡ್ರಿ. ನಂದು ಎಲ್ಲಾರದೂ ಆದ ಮ್ಯಾಲ’ ಅಂದ್ರು ಸಾಬ್ರು.

ಬೀಗರು ನಕ್ಕರು. ‘ಬೀಗರು ಜೋಡಿ ಕುಂದ್ರದ ಕೈ ಹಚ್ಚೂದು ನಮ್ಮ ಮನಿತನದಾಗ ಇಲ್ಲ. ಕುಂದ್ರಿ.’

‘ಇನ್ನೂ ಉಣ್ಣದಾವ್ರು ಅದಾರ್ರಿ.’

‘ಯಾರದಾರ?’

ಸಾಬ್ರು ಹೊರಗ ಕೈ ಮಾಡಿದ್ರು. ರಸ್ತಾದ ಬಾಜೂಕ ಬೀಗರ ಮೂರು ಗಾಡಿ, ಮೂರು ಡ್ರೈವರ್‌ಗಳು.

ನಾ ಓಡಿಹೋಗಿ ಡ್ರೈವರ್‌ಗಳ ಕೈ ಹಿಡದು ಜಗ್ಗಿದೆ. ‘ಬರ್ರಪಾ, ಜಲ್ದಿ ಉಣ್ಣ ಬರ್ರಿ.’ ಅವರಾಗ ಹಿರ್ಯಾ ಡ್ರೈವರು ಸೆಟದು ನಿಂತ. ‘ನಮ್ಮ ಸಾವ್ಕಾರ್ರು ಉಣ್ಣಲಾರದ ನಾವು ಹೆಂಗ ಉಣ್ಣೂದು ರೀ? ಅನ್ನ ಹಾಕಿದ ಮನಿ ಅದು. ಕೊಂದ್ರೂ ಇಲ್ಲ.’

ಈಗ ನೋಡ್ರಿ ಹಕೀಕತ್ತು. ಬೀಗರು ಉಣ್ಣದ ಡ್ರೈವರ್ ಉಣ್ಣಂಗಿಲ್ಲ. ಡ್ರೈವರ್ ಉಣ್ಣದ ನಮ್ಮ ಸಾಬ್ರು ಉಣ್ಣಂಗಿಲ್ಲ. ಸಾಬ್ರು ಉಣ್ಣದ ಬೀಗರು ಉಣ್ಣಂಗಿಲ್ಲ. ಮೂರೂ ಮಂದಿ ನ್ಯಾಯದಾವ್ರು. ಒಬ್ಬ ಲಫಂಗ ಇದ್ದಿದ್ರ ಎಲ್ಲಾರದೂ ಊಟ ಆಗಿರ್ತಿತ್ತು.

ನಾನ ಲಫಂಗ ಆಗಾಕ ಹೋದೆ. ‘ಸಾಬ್, ಡ್ರೈವರ್‌ಗಳದು ಆತ್ರಿ’ ಅಂದೆ. ಅವರು ನನ್ನ ಕಣ್ಣಾಗ ನೋಡಿದ್ರು. ‘ಹೌದೇನು?’ ಅಂದ್ರು ಮೆತ್ತಗ. ನಾ ‘ಇಲ್ರಿ’ ಅಂದುಬಿಟ್ಟೆ.

ಹೋಳಿಗಿ ಮ್ಯಾಲಿನ ತುಪ್ಪ ಗಟ್ಟಿ ಆಗಾಕತ್ತಿತು. ಬೀಗರ ಅಣ್ಣ, ದೊಡ್ಡ ಮೀಸಿಯಾವ್ರು, ಎಲಿ ಮುಂದಿಂದ ಎದ್ದು ಟವಲು ಝಾಡಿಸಿದ್ರು. ‘ನಮ್ಮ ಜೋಡಿ ಕುಂತು ಉಣ್ಣಾಕ ಹೆಣ್ಣಿನ ಅಪ್ಪಗ ಕಮ್ಮಿ ಆಗ್ತೈತಿ ಅಂದ್ರ, ಇಂಥಾ ಬೀಗತನ ನಮಗ ಯಾಕ ಬೇಕು? ಏಳ್ರೋ.’ ಅವರ ಹಿಂದ ನಾಲ್ಕು ಮಂದಿ ಎದ್ರು. ಹುಡುಗ ಕುಂತಲ್ಲೆ ಬೆವತ. ಹುಡುಗಿ ಹೊಸಾ ಸೀರಿ ಸೆರಗು ಬಿಗಿ ಹಿಡಕೊಂಡು ಅಪ್ಪನ್ನ ನೋಡಾಕತ್ತಿದ್ಲು. ಆಕಿ ಕಣ್ಣಾಗ ನೀರು ನಾ ಅವತ್ತ ಮೊದಲು ಕಂಡಿದ್ದು.

ಅಡಗಿಮನಿಯಿಂದ ಅಕ್ಕಾರು ಬಂದ್ರು, ಕೈಯಾಗ ಸೌಟು.

‘ರೀ, ನಿಮ್ಮ ಕಾಯ್ದೆ ಏನೈತಿ? ಎಲ್ಲಾರ ಮುಂದ ಹೇಳ್ರಿ.’

‘ಹಿರ್ಯಾ ಆದಂವ ಕಡೀಕ ಉಣ್ಣಬೇಕು.’

‘ಈ ಮನ್ಯಾಗ ಕಡೀಕ ಉಣ್ಣಾವ್ರು ಯಾರು?’

‘ನಾ...’ ಅಂದ್ರು ಸಾಬ್ರು.

‘ನೀವು ಉಂಡು, ಕೈ ತೊಳಕೊಂಡು, ಅಡಕಿ ಹಾಕ್ಕೊಂಡ ಮ್ಯಾಲ ನಾ ತಾಟು ಹಚ್ಕೋತೀನಿ. ಮೂವತ್ತು ವರ್ಷಾತು. ಅಂದ್ರ ಹಿರ್ಯಾರು ಯಾರಾದ್ರು?’

ಸಾಬ್ರು ಆಕಿನ್ನ ಮೊದಲ ಸಲ ನೋಡೂವಂಗ ನೋಡಿದ್ರು. ವಿಚಾರ ಮಾಡಿದ್ರು. ಲೆಕ್ಕ ತಪ್ಪಿರಲಿಲ್ಲ.

‘ನೀನ’ ಅಂದ್ರು.

‘ಹಂಗಾದ್ರ ಕುಂದ್ರಿ.’

ಕುಂತ್ರು ರೀ! ಬೀಗರ ಬಾಜೂಕ ಚಕ್ಕಳಮಕ್ಕಳ ಹಾಕಿ ಕುಂತು ಹೋಳಿಗಿ ಮುರದ್ರು. ಬೀಗರು ಮುರದ್ರು. ಅದನ್ನ ಕಂಡು ಡ್ರೈವರ್‌ಗಳು ಓಡಿ ಬಂದ್ರು. ದೊಡ್ಡ ಮೀಸಿಯಾವ್ರು ಟವಲು ಮತ್ತ ಹೆಗಲಿಗೆ ಹಾಕ್ಕೊಂಡು ಆರು ಹೋಳಿಗಿ ತಿಂದ್ರು. ನಾ ಕಂಬಕ್ಕ ಒರಗಿ ಉಸರು ಬಿಟ್ಟೆ.

ಇಲ್ಲಿಗೆ ಮುಗೀಬೇಕಿತ್ತು. ಆದ್ರ ಸಾಬ್ರು ಕಾಯ್ದೆ ಅರ್ಧಕ್ಕ ಬಿಡಾವ್ರಲ್ಲ. ಎಲ್ಲಾರ ಊಟ ಆದ ಮ್ಯಾಲ ತಾವ ಒಂದು ಎಲಿ ತೊಳದು ಅಂಗಳದ ನಟ್ಟನಡುವ ಹಾಸಿ, ಅಕ್ಕಾರನ್ನ ಕರದು ಕುಂದ್ರಿಸಿದ್ರು. ಬುಟ್ಟಿಯೊಳಗ ಕೈ ಹಾಕಿದ್ರ ಉಳದದ್ದು ಅರ್ಧ ಹೋಳಿಗಿ, ತಳ ಹತ್ತಿದ ಅನ್ನ. ಅದನ್ನ ಬಡಸುವಾಗ ಅವರ ಕೈ ತಡೀತು. ಎಷ್ಟು ಸಾಲಲಿಲ್ಲ ಅಂತ ಅವತ್ತು ಅವರಿಗೆ ಕಂಡಿತು ಅಂತ ನನಗನಸ್ತು.

ಆಮ್ಯಾಲ ಒಂದು ಹೆಜ್ಜಿ ಹಿಂದ ಸರದು, ಕೈ ಎರಡೂ ತೊಡೀಗೆ ಹಚ್ಚಿ, ಪರೇಡಿನ ‘ಸಾವಧಾನ್’ ಭಂಗಿಯೊಳಗ ನೆಟ್ಟಗ ನಿಂತು ಕೇಳಿದ್ರು: ‘ಕೋಯಿ ಶಿಕಾಯತ್?’

ನಾವು ನಾಲ್ಕು ಮಂದಿ ಮಾಜಿ ಫೌಜಿಗಳು, ಕೈ ತೊಳ್ಯಾಕ ನಿಂತಾವ್ರು, ರೂಢಿ ಬಿಡಂಗಿಲ್ಲ ನೋಡ್ರಿ, ಒಂದ ದನಿಲೆ ಒದರಿದ್ವಿ: ‘ನಹೀ ಸಾಬ್!’

‘ನೀವು ಸುಮ್ಕಿರ್ರೋ’ ಅಂದ್ರು ಅಕ್ಕಾರು. ಬಾಯಿಗೆ ಒಯ್ದ ತುತ್ತು ಎಲಿ ಮ್ಯಾಲ ಇಟ್ರು. ‘ಕೇಳಿದ್ದು ನನ್ನನ್ನ.’

ಸೆರಗು ಸರಿ ಮಾಡ್ಕೊಂಡು, ಗಂಡನ ಮಾರಿ ನೋಡಿ ಅಂದ್ರು: ‘ಐತಿ.’

ಸುರು ಆದಾಗ ಮಧ್ಯಾಹ್ನ ಎರಡು ಗಂಟೆ. ಬೀಗರು ಕುರ್ಚಿ ಜಗ್ಗಿಕೊಂಡು ಹತ್ತಿರ ಕುಂತ್ರು. ಐದರ ಚಹಾ ಬಂದಾಗ ಅಕ್ಕಾರು ಇನ್ನೂ ಮದಿವಿಯಾದ ಮೊದಲನೇ ವರ್ಷದಾಗ ಇದ್ರು, ಮೇಜರ್ ಸಾಬ್ರು ‘ಸಾವಧಾನ್’ ಭಂಗಿಯೊಳಗ ನಿಂತ ಇದ್ರು.